ತೂಗುವ ಟರ್ನ್‌ಟೇಬಲ್ಲಿನ ನಾದ ಮತ್ತು ಅದರ ಒಡೆಯರ ಸಾಕ್ಷ್ಯ

(ಸಂಗೀತಾಸಕ್ತರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಸಭೆಗೆ ನಮಸ್ಕಾರ.

ಹಲವು ಲಕ್ಷ ರೂಪಾಯಿ ತೆತ್ತು ಕೊಂಡ ವಸ್ತುವಿನ ಗುಣವನ್ನು ಕೊಂಡವರ ಬಾಯಿಂದಲೇ ಕೇಳಿ ತಿಳಿಯಹೊರಟರೆ ನಮ್ಮ ಕೈಗೆ ಸಿಗುವುದು ಎಂಥ ಜ್ಞಾನ? ಕೊಂಡವರು ಹೊಗಳಿದರೆ ಕೊಟ್ಟ ಹಣದ ಸಮರ್ಥನೆ ಎನ್ನುತ್ತೇವೆ, ತೆಗಳಿದರೆ ಏನೋ ಕಹಿ ಅನುಭವವಾಗಿರಬೇಕು ಎನ್ನುತ್ತೇವೆ, ಒಟ್ಟಿನಲ್ಲಿ ಎರಡನ್ನೂ ನಂಬದೆ ಬಿಡುತ್ತೇವೆ. ಯಂತ್ರಗಳ ಕಂಪನವನ್ನು ಪಾಠ ಹೇಳಿಕೊಂಡು ಬದುಕಿದವನಾಗಿ, ಜೊತೆಗೆ ಎಲ್‌ಪಿ ರೆಕಾರ್ಡುಗಳನ್ನು ಕೇಳುವ ಚಟವನ್ನೂ ಬೆಳೆಸಿಕೊಂಡವನಾಗಿ, ನನಗೆ ಈ ಅಪನಂಬಿಕೆ ಪೂರ್ತಿ ಸರಿಯೆನಿಸಿಲ್ಲ. ಸ್ಪ್ರಿಂಗಿನ ಮೇಲೆ ತೂಗುವ ದುಬಾರಿ ಟರ್ನ್‌ಟೇಬಲ್ಲುಗಳ, ಅಂದರೆ ರೆಕಾರ್ಡನ್ನು ತಿರುಗಿಸಿ ನುಡಿಸುವ ಯಂತ್ರಗಳ, ಒಡೆಯರು ಐದು ದಶಕಗಳಿಂದ ಹೇಳುತ್ತ ಬಂದಿರುವ ಮಾತುಗಳಲ್ಲಿ ಗಟ್ಟಿ ಕಾಳು ಸಾಕಷ್ಟಿದೆ. ಅದನ್ನು ಹೊಟ್ಟಿನಿಂದ ಬೇರ್ಪಡಿಸುವ ಬಗೆಯೇ ಇಂದಿನ ನನ್ನ ವಿಷಯ.

ಉದಾಹರಣೆಗೆ ಒಂದೇ ಯಂತ್ರವನ್ನು ಆರಿಸಿಕೊಂಡಿದ್ದೇನೆ. ಅದು ಸ್ಕಾಟ್ಲೆಂಡಿನ ಗ್ಲಾಸ್ಗೊ ಬಳಿ ತಯಾರಾಗುವ ಲಿನ್ ಸೊಂಡೆಕ್ ಎಲ್‌ಪಿ12. ಇದಕ್ಕಿಂತ ಒಳ್ಳೆಯ ಟರ್ನ್‌ಟೇಬಲ್ ಇಲ್ಲವೆಂಬ ಕಾರಣಕ್ಕೆ ಇದನ್ನು ಆರಿಸಿಲ್ಲ. 1970ರ ದಶಕದ ಆರಂಭದಿಂದ ಇಂದಿನವರೆಗೆ ನಿಲ್ಲದೆ ತಯಾರಾಗುತ್ತಿರುವ ಈ ಯಂತ್ರದ ಮೂಲ ವಿನ್ಯಾಸ ಬದಲಾಗಿಲ್ಲ, ಆದರೆ ಒಳಗಿನ ಬಹುತೇಕ ಭಾಗಗಳು ಒಂದಲ್ಲ ಒಂದು ಕಾಲದಲ್ಲಿ ಬದಲಾಗಿವೆ. ಹೊಸ ಭಾಗವನ್ನು ಹಳೆಯ ಯಂತ್ರಕ್ಕೆ ಕೂರಿಸಿಕೊಳ್ಳುವ ಅವಕಾಶವೂ ಇರುವುದರಿಂದ, ಒಬ್ಬನೇ ಮನುಷ್ಯ ಒಂದೇ ಕೋಣೆಯಲ್ಲಿ, ಒಂದೇ ಪೆಟ್ಟಿಗೆಯೊಳಗಿನ ಯಂತ್ರವನ್ನು ಹತ್ತಾರು ವರ್ಷಗಳ ಅವಧಿಯಲ್ಲಿ ಬೇರೆಬೇರೆ ಸ್ಥಿತಿಗಳಲ್ಲಿ ಕೇಳಿರುತ್ತಾನೆ. ಇಷ್ಟು ದೀರ್ಘವಾದ ಸಾಕ್ಷ್ಯ ಬೇರೆ ಯಾವ ಟರ್ನ್‌ಟೇಬಲ್ಲಿನ ಬಗೆಗೂ ನಮಗೆ ಸಿಗಲಾರದು.

ತೂಗುವ ಚೌಕಟ್ಟಿನ ಕಲ್ಪನೆ ಲಿನ್ ಕಂಪನಿಯದಲ್ಲ. ಅಮೆರಿಕದ ಎಡ್ಗರ್ ವಿಲ್ಚರ್ ತಮ್ಮ ಅಕೌಸ್ಟಿಕ್ ರಿಸರ್ಚ್ ಕಂಪನಿಯಿಂದ 1961ರಲ್ಲಿ ಹೊರತಂದ ಟರ್ನ್‌ಟೇಬಲ್ ಈ ವಂಶದ ಮೂಲಪುರುಷ. ರೆಕಾರ್ಡನ್ನು ಹೊತ್ತು ತಿರುಗುವ ತಟ್ಟೆಯನ್ನೂ, ಗೀರು ಓದುವ ಮುಳ್ಳನ್ನು ಹೊತ್ತ ತೋಳಾದ ಟೋನ್‌ಆರ್ಮನ್ನೂ ಒಂದೇ ಬಿಗಿಯಾದ ಚೌಕಟ್ಟಿಗೆ ಕೂಡಿಸಿ, ಆ ಚೌಕಟ್ಟನ್ನು ಮೂರು ಸ್ಪ್ರಿಂಗುಗಳ ಮೇಲೆ ತೇಲಿಬಿಟ್ಟು, ಮೋಟಾರನ್ನು ಮಾತ್ರ ಹೊರಗಿನ ಪೆಟ್ಟಿಗೆಗೆ ಬಿಗಿದು ರಬ್ಬರ್ ಬೆಲ್ಟಿನ ಮೂಲಕ ತಟ್ಟೆಯನ್ನು ತಿರುಗಿಸುವುದು ಅವರ ಉಪಾಯ. ಅದನ್ನೇ ಸ್ವಿಟ್ಜರ್ಲೆಂಡಿನ ಥೋರೆನ್ಸ್ ಕಂಪನಿ 1965ರ ಟಿಡಿ 150ರಲ್ಲಿ ಅಳವಡಿಸಿಕೊಂಡಿತು. ಅದೇ ದಾರಿಯಲ್ಲಿ ಸ್ಕಾಟ್ಲೆಂಡಿನ ಅರಿಸ್ಟನ್ ಆರ್‌ಡಿ11 ಬಂತು, ಬೆನ್ನಿಗೇ ಎಲ್‌ಪಿ12 ಬಂತು. ಈ ಎರಡು ಯಂತ್ರಗಳ ನಡುವಣ ಒಡೆತನದ ವ್ಯಾಜ್ಯ ಬೇರೆಯೇ ಕಥೆ, ಅದು ಇಲ್ಲಿ ಬೇಡ. ಲಿನ್ ಕಂಪನಿಯ ಸ್ಥಾಪಕ ಐವರ್ ಟೀಫೆನ್‌ಬ್ರನ್ ತಮ್ಮ ತಂದೆಯ ಎಂಜಿನಿಯರಿಂಗ್ ಕಾರ್ಖಾನೆಯ ನೆರವಿನಿಂದ ಕಟ್ಟಿದ ಯಂತ್ರದ ಹೆಚ್ಚುಗಾರಿಕೆ ಇದ್ದದ್ದು ತಯಾರಿಕೆಯ ನಯದಲ್ಲಿ, ಮುಖ್ಯವಾಗಿ ತಟ್ಟೆಯ ಭಾರವನ್ನೆಲ್ಲ ಒಂದೇ ಬಿಂದುವಿನ ಮೇಲೆ ಹೊರುವ ಬೇರಿಂಗಿನಲ್ಲಿ.

ಸ್ಪ್ರಿಂಗ್ ಏಕೆ ಬೇಕು ಎಂಬುದನ್ನು ಸ್ವಲ್ಪ ಲೆಕ್ಕದ ಮೂಲಕವೇ ನೋಡೋಣ. ಎಲ್‌ಪಿಯ ಗೀರು ಕೂದಲೆಳೆಗಿಂತ ಕಿರಿದು, ಅದರ ಗೋಡೆಗಳ ಮೇಲಿನ ಅತಿ ಸೂಕ್ಷ್ಮ ಏರಿಳಿತಗಳು ಒಂದು ಮೈಕ್ರಾನಿಗೂ ಕಡಿಮೆ. ಅಷ್ಟು ಸಣ್ಣ ಚಲನೆಯನ್ನು ಓದುವ ಮುಳ್ಳಿಗೆ ಸ್ಪೀಕರಿನಿಂದ ನೆಲದ ಮೂಲಕ ಮರಳಿ ಬರುವ ಅದುರು, ಬೀದಿಯ ಲಾರಿಯ ಅದುರು, ಮೋಟಾರಿನದೇ ಅದುರು ಎಲ್ಲವೂ ಸಂಗೀತದಂತೆಯೇ ಕಾಣುತ್ತವೆ. ಸ್ಪ್ರಿಂಗಿನ ಮೇಲೆ ಕುಳಿತ ಭಾರಕ್ಕೆ ತನ್ನದೇ ಆದ ಒಂದು ಸಹಜ ಆವೃತ್ತಿ, ಅಂದರೆ ತಳ್ಳಿಬಿಟ್ಟರೆ ಅದು ತಾನಾಗಿ ಸೆಕೆಂಡಿಗೆ ಎಷ್ಟು ಬಾರಿ ಆಡುತ್ತದೆಂಬ ಎಣಿಕೆ, ಇರುತ್ತದೆ, ಭಾರದಿಂದಾಗಿ ಸ್ಪ್ರಿಂಗ್ ಎಷ್ಟು ಕುಗ್ಗಿತೆಂಬುದರಿಂದಲೇ ಅದನ್ನು ಲೆಕ್ಕ ಹಾಕಬಹುದು. ಸುಮಾರು ಒಂದೂವರೆ ಸೆಂಟಿಮೀಟರ್ ಕುಗ್ಗಿದರೆ ಆ ಆವೃತ್ತಿ 4 ಹರ್ಟ್ಝ್‌ನ, ಅಂದರೆ ಸೆಕೆಂಡಿಗೆ ನಾಲ್ಕು ಬಾರಿಯ, ಆಸುಪಾಸಿನಲ್ಲಿ ನಿಲ್ಲುತ್ತದೆ. ಅದಕ್ಕಿಂತ ತುಸು ಮೇಲಿನಿಂದ ತಡೆ ಶುರುವಾಗುತ್ತದೆ, 40 ಹರ್ಟ್ಝ್‌ನ ಅದುರು ಒಳಗೆ ತಲುಪುವ ಹೊತ್ತಿಗೆ ಲೆಕ್ಕದ ಪ್ರಕಾರ ನೂರರಲ್ಲೊಂದು ಪಾಲಿಗೆ ಇಳಿದಿರುತ್ತದೆ. ಟೋನ್‌ಆರ್ಮ್ ಮತ್ತು ಅದರ ತುದಿಯಲ್ಲಿ ಮುಳ್ಳಿನ ಚಲನೆಯನ್ನು ವಿದ್ಯುತ್ ಸಂಕೇತವಾಗಿಸುವ ಕಾರ್ಟ್ರಿಜ್ ಸೇರಿದ ಜೋಡಿಯ ಸ್ವಂತ ಆವೃತ್ತಿಯನ್ನು 8ರಿಂದ 12 ಹರ್ಟ್ಝ್‌ನ ನಡುವೆ ಇರಿಸುವುದು ವಾಡಿಕೆ, ಕಿವಿಗೆ ಕೇಳುವ ನಾದ ಆರಂಭವಾಗುವುದು 20ರಿಂದ. ಸ್ಪ್ರಿಂಗಿನ ಆವೃತ್ತಿ ಇವೆರಡಕ್ಕೂ ಕೆಳಗೆ ಅಡಗಿ ಕುಳಿತುಕೊಳ್ಳುತ್ತದೆ.

ಇಷ್ಟೇ ಆಗಿದ್ದರೆ ಒಡೆಯರ ಅಭಿಪ್ರಾಯಗಳಲ್ಲಿ ಭೇದವೇ ಇರುತ್ತಿರಲಿಲ್ಲ. ತೊಡಕು ಇರುವುದು ಮೋಟಾರಿನಲ್ಲಿ. ಮೋಟಾರು ಪೆಟ್ಟಿಗೆಗೆ ಅಂಟಿಕೊಂಡಿದೆ, ತಟ್ಟೆ ತೇಲುತ್ತಿದೆ, ಎರಡನ್ನೂ ಕೂಡಿಸಿರುವುದು ಹಿಗ್ಗುವ ಬೆಲ್ಟು. ಚೌಕಟ್ಟು ನೇರ ಮೇಲೆ ಕೆಳಗೆ ಆಡಿದರೆ ಬೆಲ್ಟಿನ ಉದ್ದ ಹೆಚ್ಚು ಕಡಿಮೆ ಬದಲಾಗುವುದಿಲ್ಲ. ಅದು ಪಕ್ಕಕ್ಕೆ ಓಲಾಡಿದರೆ ಮಾತ್ರ ಬೆಲ್ಟು ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲಾಗಿ ತಟ್ಟೆಯ ವೇಗ ಅಷ್ಟಷ್ಟೇ ಏರುಪೇರಾಗುತ್ತದೆ, ವೇಗ ಏರುಪೇರಾದರೆ ಶ್ರುತಿಯೂ ಓಲಾಡುತ್ತದೆ. ಟರ್ನ್‌ಟೇಬಲ್ಲುಗಳ ವೇಗದ ಓಲಾಟವನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಕಿವಿಯ ಸೂಕ್ಷ್ಮತೆಗೆ ತಕ್ಕಂತೆ ಒಂದು ತೂಕದ ರೇಖೆಯನ್ನು ಬಳಸುತ್ತಾರೆ, ಆ ರೇಖೆ ಅತ್ಯಂತ ಎತ್ತರಕ್ಕೇರುವುದು 4 ಹರ್ಟ್ಝ್‌ನಲ್ಲಿ. ಅಂದರೆ ಶ್ರುತಿ ಸೆಕೆಂಡಿಗೆ ನಾಲ್ಕು ಬಾರಿ ಓಲಾಡಿದರೆ ನಮ್ಮ ಕಿವಿ ಅದನ್ನು ಬೇಗ ಪತ್ತೆಹಚ್ಚುತ್ತದೆ, ತೂಗುವ ಚೌಕಟ್ಟಿನ ಸಹಜ ಆವೃತ್ತಿಯೂ ಸರಿಸುಮಾರು ಅಲ್ಲೇ ಇದೆ. ಈ ವಿನ್ಯಾಸದ ಶಕ್ತಿ ಎಲ್ಲಿದೆಯೋ ಅದರ ಪಕ್ಕದಲ್ಲೇ ಅದರ ದೌರ್ಬಲ್ಯವೂ ಇದೆ. ಒಡೆಯರ ಮಾತುಗಳನ್ನು ಬಿಡಿಸಿ ಓದಲು ನಾನು ಬಳಸುವ ಮುಖ್ಯ ಕೀಲಿ ಇದು.

ಹಾಗಾದರೆ ಪಕ್ಕದ ಓಲಾಟ ಇಲ್ಲದಂತೆ ಮಾಡುವುದು ಹೇಗೆ? ನುರಿತವರು ಎಲ್‌ಪಿ12 ಅನ್ನು ಹೊಂದಿಸುವುದನ್ನು ನೋಡಿದವರಿಗೆ ಇದು ವಾದ್ಯವೊಂದನ್ನು ಶ್ರುತಿಗೊಳಿಸುವಷ್ಟೇ ತಾಳ್ಮೆಯ ಕೆಲಸವೆಂಬುದು ಗೊತ್ತಿರುತ್ತದೆ. ಪೆಟ್ಟಿಗೆಯ ತಳವನ್ನು ಬಿಚ್ಚಿ, ಕೆಳಗಿನಿಂದ ಕೈಹಾಕಲು ಬರುವಂಥ ಒಂದು ಸ್ಟ್ಯಾಂಡಿನ ಮೇಲೆ ಯಂತ್ರವನ್ನು ಇರಿಸುತ್ತಾರೆ. ಮೇಲಿನ ಉಕ್ಕಿನ ತಗಡಿನಿಂದ ಮೂರು ಬೋಲ್ಟುಗಳು ಕೆಳಗಿಳಿದಿರುತ್ತವೆ, ಪ್ರತಿ ಬೋಲ್ಟಿನ ಸುತ್ತ ಒಂದು ಸ್ಪ್ರಿಂಗು, ಸ್ಪ್ರಿಂಗಿಗೆ ರಬ್ಬರಿನ ಬಿಲ್ಲೆ, ಎಲ್ಲಕ್ಕೂ ಕೆಳಗೆ ತಿರುಗಿಸಿ ಎತ್ತರ ಬದಲಿಸುವ ನಟ್ಟು. ನಟ್ಟನ್ನು ತಿರುಗಿಸಿ ಚೌಕಟ್ಟನ್ನು ಮಟ್ಟಕ್ಕೆ ತರುವುದು ಸುಲಭದ ಭಾಗ. ಆಮೇಲೆ ಒಂದೊಂದು ಸ್ಪ್ರಿಂಗನ್ನೂ ಬೆರಳಿನಿಂದ ಅದರ ಅಕ್ಷದ ಮೇಲೆಯೇ ಸ್ವಲ್ಪಸ್ವಲ್ಪ ತಿರುಗಿಸುತ್ತ ಹೋಗಬೇಕು, ಏಕೆಂದರೆ ಯಾವ ಸ್ಪ್ರಿಂಗೂ ನೂರಕ್ಕೆ ನೂರು ನೆಟ್ಟಗೆ ಒತ್ತುವುದಿಲ್ಲ, ಎಲ್ಲಕ್ಕೂ ಒಂದು ಕಡೆಗೆ ವಾಲುವ ಗುಣವಿರುತ್ತದೆ. ಮೂರರ ವಾಲು ಒಂದನ್ನೊಂದು ಸರಿದೂಗಿಸಿ ನಿಂತಾಗ, ತಟ್ಟೆಯ ನಡುವಿನ ಕಡ್ಡಿಯ ಪಕ್ಕ ಬೆರಳಿನಿಂದ ಮೆಲ್ಲನೆ ಒತ್ತಿ ಬಿಟ್ಟರೆ ಅದು ಪಿಸ್ಟನ್ನಿನಂತೆ ನೇರ ಏರಿಳಿಯುತ್ತದೆ, ಎಡಬಲಕ್ಕೆ ಅಲ್ಲಾಡುವುದಿಲ್ಲ.

ಇಲ್ಲಿಗೇ ಕೆಲಸ ಮುಗಿಯಿತೆನ್ನುವವರಿಗೆ ಟೋನ್‌ಆರ್ಮಿನ ತಂತಿ ಕಾದುಕೊಂಡಿರುತ್ತದೆ. ತೇಲುವ ಚೌಕಟ್ಟಿನಿಂದ ಸ್ಥಿರವಾದ ಪೆಟ್ಟಿಗೆಗೆ ಇಳಿಯುವ ಈ ತಂತಿ ಸ್ವಲ್ಪ ಗಡುಸಾಗಿ ಬಾಗಿದರೂ ನಾಲ್ಕನೆಯ ಸ್ಪ್ರಿಂಗಿನಂತೆ ವರ್ತಿಸಿ ಚೌಕಟ್ಟನ್ನು ಒಂದು ಮೂಲೆಯಿಂದ ಹಿಡಿದೆಳೆಯುತ್ತದೆ. ಅದನ್ನು ಎಲ್ಲಿ ಕ್ಲಿಪ್ಪಿನಿಂದ ಹಿಡಿಯಬೇಕು, ಎಷ್ಟು ಸಡಿಲ ಬಿಡಬೇಕು, ಯಾವ ಕಡೆಗೆ ಬಾಗಿಸಬೇಕು ಎಂಬುದರಲ್ಲಿಯೇ ಹೊಂದಿಸುವವನ ಕೈಚಳಕ ಗೊತ್ತಾಗುವುದು. ತಂತಿಯನ್ನು ಹೀಗೆ ಕೂರಿಸಿದ ಮೇಲೆ ಮೊದಲು ಹೊಂದಿಸಿದ್ದ ಏರಿಳಿತ ಕೆಟ್ಟಿರುತ್ತದೆ, ಮತ್ತೆ ಸ್ಪ್ರಿಂಗುಗಳ ಬಳಿಗೆ ಮರಳಬೇಕು. ಟೋನ್‌ಆರ್ಮ್ ಬದಲಿಸಿದರೆ ಭಾರ ಬದಲಾಗುತ್ತದೆ, ರಬ್ಬರಿನ ಬಿಲ್ಲೆ ಕಾಲಕ್ರಮದಲ್ಲಿ ಗಟ್ಟಿಯಾಗುತ್ತದೆ, ಯಂತ್ರವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಅಜಾಗರೂಕತೆಯಿಂದ ಎತ್ತಿಟ್ಟರೂ ಸ್ಪ್ರಿಂಗು ಜಾಗ ತಪ್ಪುತ್ತದೆ.

ಈಗ ಒಡೆಯರ ಮಾತಿಗೆ ಬರೋಣ. ಎಲ್‌ಪಿ12 ಉಳ್ಳವರು ಎಲ್ಲ ಕಾಲದಲ್ಲೂ, ಎಲ್ಲ ದೇಶಗಳಲ್ಲೂ ಮೊದಲು ಹೇಳುವುದು ಸಂಗೀತದ ನಡೆಯ ಬಗ್ಗೆ: ರಾಗದ ಎಳೆ ಸುಲಭವಾಗಿ ಹಿಡಿತಕ್ಕೆ ಸಿಗುತ್ತದೆ, ವಾದ್ಯಗಾರರು ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಂಡು ನುಡಿಸುತ್ತಿರುವಂತೆ ಅನಿಸುತ್ತದೆ, ಕಾಲು ತಾನಾಗಿ ತಾಳ ಹಾಕುತ್ತದೆ. ಸ್ವರಗಳ ಬಿಡಿ ಸೌಂದರ್ಯಕ್ಕಿಂತ ಅವುಗಳ ಸಂಬಂಧದ ಬಗ್ಗೆಯೇ ಅವರ ಒತ್ತು. ಇದರಲ್ಲಿ ಕಂಪನಿ ಕಲಿಸಿದ ಪಾಠದ ಪಾಲು ಎಷ್ಟು ಎಂದು ಕೇಳಲೇಬೇಕು. 1970 ಮತ್ತು 80ರ ದಶಕಗಳಲ್ಲಿ ಲಿನ್ ಕಂಪನಿಯೂ, ಅದರ ಜೊತೆಗೂಡಿದ್ದ ಸಾಲ್ಸ್‌ಬರಿಯ ನೇಮ್ ಕಂಪನಿಯೂ ಬ್ರಿಟನ್ನಿನ ಅಂಗಡಿಗಳಲ್ಲಿ ಕೇಳುವ ಒಂದು ಕ್ರಮವನ್ನೇ ರೂಢಿಗೆ ತಂದವು. ಕೋಣೆಯಲ್ಲಿ ನುಡಿಯುವ ಒಂದು ಜೋಡಿ ಸ್ಪೀಕರ್ ಬಿಟ್ಟು ಬೇರೇನೂ ಇರಕೂಡದು, ತಗ್ಗಿನ ನಾದವಾದ ಬಾಸ್ ಎಷ್ಟು, ಮೇಲಿನ ನಾದವಾದ ಟ್ರೆಬಲ್ ಎಷ್ಟು ಎಂದು ತೂಗುತ್ತ ಕೂರದೆ ಮನಸ್ಸಿನಲ್ಲೇ ಧಾಟಿಯನ್ನು ಗುನುಗಿಕೊಂಡು ಹೋಗಲು ಬರುತ್ತದೆಯೇ ನೋಡಬೇಕು, ಎಲ್ಲಕ್ಕಿಂತ ಮೊದಲು ಹಣ ಹಾಕಬೇಕಾದದ್ದು ಟರ್ನ್‌ಟೇಬಲ್ಲಿಗೆ ಎಂಬುದು ಅವರ ಬೋಧನೆ. ಕೊನೆಯ ಮಾತು ಟರ್ನ್‌ಟೇಬಲ್ ಮಾರುವವರ ಬಾಯಲ್ಲಿ ಬಂದರೆ ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ನಿಮಗೇ ಬಿಡುತ್ತೇನೆ. ಆದರೆ ಮಧ್ಯದ ಮಾತನ್ನು ಹಾಗೆ ತಳ್ಳಿಹಾಕುವಂತಿಲ್ಲ. ಹಿಂದೂಸ್ತಾನಿಯನ್ನಾಗಲಿ ಕರ್ನಾಟಕ ಸಂಗೀತವನ್ನಾಗಲಿ ಕೇಳಿ ಬೆಳೆದ ನಮಗೆ ಶ್ರುತಿ ಮತ್ತು ಲಯವನ್ನು ಹಿಡಿದೇ ಗುಣ ಅಳೆಯುವುದು ವಿಚಿತ್ರವೆನಿಸದು.

ಗಮನಿಸಬೇಕಾದದ್ದೆಂದರೆ, ಈ ಹೊಗಳಿಕೆಯ ಜೊತೆಗೇ ಅದೇ ಒಡೆಯರಿಂದ ಬರುವ ದೂರು. ‘ಮೊದಲಿನ ಜೀವ ಇಲ್ಲ’, ‘ಯಾಕೋ ಮಂಕಾಗಿದೆ’, ‘ಸುಸ್ತಾದಂತೆ ಕೇಳುತ್ತದೆ’ ಎಂಬ ಮಾತುಗಳು ಎಲ್‌ಪಿ12ರ ಚರಿತ್ರೆಯುದ್ದಕ್ಕೂ ಇವೆ. ಯಂತ್ರವನ್ನು ನುರಿತವರ ಬಳಿ ಒಯ್ದು ಹೊಂದಿಸಿಕೊಂಡು ಬಂದ ಮೇಲೆ ‘ಹೊಸ ಭಾಗ ಹಾಕಿಸಿದಷ್ಟೇ ವ್ಯತ್ಯಾಸವಾಯಿತು’ ಎಂಬ ಮಾತು ಅಷ್ಟೇ ಸಾಮಾನ್ಯ. ಭಾರಿ ಗಾತ್ರದ, ಸ್ಪ್ರಿಂಗಿಲ್ಲದ ಟರ್ನ್‌ಟೇಬಲ್ಲುಗಳ ಒಡೆಯರಿಂದ ಇಂಥ ಮಾತು ಬರುವುದು ಅಪರೂಪ, ಅವರ ಯಂತ್ರ ಇಂದು ಹೇಗೋ ನಾಳೆಯೂ ಹಾಗೆಯೇ. ಹೊಗಳಿಕೆ ಮತ್ತು ದೂರು ಎರಡೂ ಒಂದೇ ಗುಣದ ಸುತ್ತ, ಅಂದರೆ ನಡೆಯ ಜೀವಂತಿಕೆಯ ಸುತ್ತ ಸುಳಿಯುತ್ತಿರುವುದನ್ನೂ, ಆ ಗುಣ ಸ್ಪ್ರಿಂಗಿನ ಹೊಂದಾಣಿಕೆಯೊಡನೆ ಏರಿಳಿಯುತ್ತಿರುವುದನ್ನೂ ಒಟ್ಟಿಗೆ ಇಟ್ಟು ನೋಡಿದರೆ, ನಾನು ಮೊದಲು ಹೇಳಿದ 4 ಹರ್ಟ್ಝ್‌ನ ಓಲಾಟವೇ ಇದರ ಹಿಂದಿನ ಕಾರಣಗಳಲ್ಲಿ ದೊಡ್ಡದೆಂದು ನನಗೆ ಅನಿಸುತ್ತದೆ. ಒಡೆಯನಿಗೆ ಓಲಾಟವೆಂದು ಕೇಳುವುದಿಲ್ಲ, ಸಂಗೀತ ಮಂಕಾಯಿತೆಂದು ಕೇಳುತ್ತದೆ. ಹಾಗಾಗಿ ಎಲ್‌ಪಿ12ರ ಬಗ್ಗೆ ಯಾರೇ ಏನೇ ಹೇಳಲಿ, ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಅದನ್ನು ಕೊನೆಯ ಬಾರಿ ಹೊಂದಿಸಿದ್ದು ಯಾವಾಗ, ಯಾರು? ಉತ್ತರ ಇಲ್ಲದಿದ್ದರೆ ಆ ಅಭಿಪ್ರಾಯ ಆ ದಿನದ ಆ ಒಂದು ಯಂತ್ರಕ್ಕೆ ಸಲ್ಲುತ್ತದೆ, ಎಲ್‌ಪಿ12 ಎಂಬ ಮಾದರಿಗೆ ಸಲ್ಲುವುದಿಲ್ಲ.

ಎರಡನೆಯ ಅಭಿಪ್ರಾಯ ಬಾಸಿನ ಬಗ್ಗೆ. ಹಳೆಯ ಎಲ್‌ಪಿ12ರ ಧ್ವನಿ ಬೆಚ್ಚಗಿದೆ, ತುಂಬಿಕೊಂಡಿದೆ ಎನ್ನುತ್ತಾರೆ ಮೆಚ್ಚುವವರು. ಬಾಸಿನ ಮೇಲ್ಭಾಗ ಉಬ್ಬಿದೆ ಎನ್ನುತ್ತಾರೆ ಮೆಚ್ಚದವರು. ಎರಡೂ ಒಂದೇ ಸಂಗತಿಯ ವರ್ಣನೆ. 1993ರಲ್ಲಿ ಸರ್ಕಸ್ ಎಂಬ ಹೆಸರಿನ ಹೊಸ ಬೇರಿಂಗ್ ಬಂದಾಗ ಈ ಉಬ್ಬು ಇಳಿಯಿತೆಂಬುದರಲ್ಲಿ ಎರಡೂ ಪಂಗಡದವರಿಗೆ ಒಮ್ಮತವಿದೆ, ಅದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂಬುದರಲ್ಲಿ ಮಾತ್ರ ಇಂದಿಗೂ ಜಗಳ. ಹೊಸ ಬೇರಿಂಗನ್ನು ಬೇಡವೆಂದು ಹಳೆಯದನ್ನೇ ಉಳಿಸಿಕೊಂಡವರೂ ಇದ್ದಾರೆ. ನಮ್ಮ ಸಂಗೀತದಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ತಬಲಾದ ಡಗ್ಗಾದ ಮೇಲೆ ಅಂಗೈಯ ಬುಡ ಜಾರಿದಾಗ ನಾದ ಬಾಗಿ ಏರುತ್ತದಲ್ಲ, ಉಬ್ಬಿದ ಬಾಸಿನಲ್ಲಿ ಆ ಬಾಗು ದಪ್ಪವಾಗಿ, ಹಿತವಾಗಿ, ಆದರೆ ಎಲ್ಲ ಪೆಟ್ಟಿಗೂ ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿ ಕೇಳುತ್ತದೆ. ಉಬ್ಬಿಲ್ಲದ ಯಂತ್ರದಲ್ಲಿ ಪೆಟ್ಟಿನಿಂದ ಪೆಟ್ಟಿಗೆ ಅದರ ಆಕಾರ ಬೇರೆಯಾಗುತ್ತದೆ. ನನ್ನ ಒಲವು ಎರಡನೆಯದಕ್ಕೆ. ಮೊದಲನೆಯದನ್ನು ಇಷ್ಟಪಡುವವರ ಕಿವಿ ಕೆಟ್ಟಿದೆ ಎಂದು ಮಾತ್ರ ಹೇಳಲಾರೆ, ತಗ್ಗಿದ ಧ್ವನಿಯಲ್ಲಿ ರಾತ್ರಿ ಹೊತ್ತು ಕೇಳುವವನಿಗೆ ಆ ಉಬ್ಬು ಉಪಕಾರಿಯೇ.

ವೇಗದ ಮಾತು ನಮಗೆ ಇನ್ನೂ ಹತ್ತಿರದ್ದು. ಮೂಲ ಎಲ್‌ಪಿ12ರಲ್ಲಿದ್ದದ್ದು ಮನೆಗೆ ಬರುವ ವಿದ್ಯುತ್ತಿನ ಆವೃತ್ತಿಯನ್ನೇ ಹಿಡಿದು ತಿರುಗುವ ಸಿಂಕ್ರೊನಸ್ ಮೋಟಾರು. 50 ಹರ್ಟ್ಝ್‌ಗೆ ಅದು ನಿಮಿಷಕ್ಕೆ 250 ಸುತ್ತು ತಿರುಗುತ್ತದೆ, ಪುಲ್ಲಿ ಮತ್ತು ಬೆಲ್ಟು ಅದನ್ನು ಮೂವತ್ತಮೂರೂ ಮೂರನೆಯ ಒಂದು ಸುತ್ತಿಗೆ ಇಳಿಸುತ್ತವೆ. ಬ್ರಿಟನ್ನಿನಲ್ಲಿ ಆವೃತ್ತಿ ಅಷ್ಟಾಗಿ ಕದಲದ ಕಾರಣ ಅಲ್ಲಿನ ಒಡೆಯರಿಗೆ ಇದೊಂದು ದೊಡ್ಡ ತೊಂದರೆಯಾಗಿರಲಿಲ್ಲ. 1982ರಲ್ಲಿ ವಲ್ಹಲ್ಲಾ ಎಂಬ ಸ್ಫಟಿಕ ನಿಯಂತ್ರಿತ ವಿದ್ಯುತ್ ಫಲಕ ಬಂದಾಗ, 1990ರಲ್ಲಿ ಲಿಂಗೋ ಎಂಬ ಪ್ರತ್ಯೇಕ ಪೆಟ್ಟಿಗೆ ಬಂದಾಗ, ಅವರು ಹೇಳಿದ್ದು ವೇಗ ಸರಿಹೋಯಿತೆಂದಲ್ಲ. ಹಿನ್ನೆಲೆ ನಿಶ್ಶಬ್ದವಾಯಿತು, ಬಾಸ್ ಬಿಗಿಯಾಯಿತು ಎಂದು. ನಮ್ಮಲ್ಲಿ ಪರಿಸ್ಥಿತಿಯೇ ಬೇರೆ ಇತ್ತು. 1990ರ ದಶಕದಲ್ಲಿ ದಕ್ಷಿಣ ಭಾರತದ ವಿದ್ಯುತ್ ಜಾಲದ ಆವೃತ್ತಿ ಬೇಡಿಕೆ ಏರಿದ ಹೊತ್ತಿನಲ್ಲಿ 48 ಹರ್ಟ್ಝ್‌ನ ಆಸುಪಾಸಿಗೂ ಕುಸಿಯುತ್ತಿದ್ದುದು ಎಂಜಿನಿಯರುಗಳಿಗೆಲ್ಲ ಗೊತ್ತಿರುವ ಸಂಗತಿ. ಸಿಂಕ್ರೊನಸ್ ಮೋಟಾರಿನ ಯಾವುದೇ ಟರ್ನ್‌ಟೇಬಲ್ ಅಂಥ ಹೊತ್ತಿನಲ್ಲಿ ನೂರಕ್ಕೆ ನಾಲ್ಕರಷ್ಟು ನಿಧಾನವಾಗುತ್ತದೆ. ಸ್ವರದ ಲೆಕ್ಕದಲ್ಲಿ ಅದು ಅರ್ಧಸ್ವರದ ಮುಕ್ಕಾಲು ಪಾಲಿಗೆ ತುಸು ಕಡಿಮೆ: ಕರಿ ಒಂದರಲ್ಲಿ ಹಾಡಿದವರು ಬಿಳಿ ಒಂದರ ಕಡೆಗೆ ಬಹುದೂರ ಇಳಿದುಬಿಟ್ಟಿರುತ್ತಾರೆ. ತಂಬೂರಿ ಹಿಡಿದು ರೆಕಾರ್ಡಿನ ಜೊತೆ ಅಭ್ಯಾಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಕಿರಿಕಿರಿ ಬೇರಿಲ್ಲ. ಬ್ರಿಟನ್ನಿನ ಒಡೆಯರು ಧ್ವನಿಯ ಸುಧಾರಣೆ ಎಂದಷ್ಟೇ ವರ್ಣಿಸಿದ ಫಲಕ ಆಗ ಇಲ್ಲಿನವರಿಗೆ ಅನಿವಾರ್ಯವಾಗಿತ್ತು. ಅಭಿಪ್ರಾಯ ಹುಟ್ಟಿದ ನೆಲವನ್ನು ನೋಡದೆ ಅದನ್ನು ಆಮದು ಮಾಡಿಕೊಂಡರೆ ಎಷ್ಟು ಎಡವಟ್ಟಾಗುತ್ತದೆ ಎಂಬುದಕ್ಕೆ ಇದು ಸಾಕು.

ಶ್ರುತಿಯ ಓಲಾಟಕ್ಕೆ ಯಂತ್ರವನ್ನು ದೂರುವ ಮುನ್ನ ರೆಕಾರ್ಡನ್ನೂ ನೋಡಬೇಕು. ರೆಕಾರ್ಡಿನ ನಡುವಿನ ತೂತು ಗೀರುಗಳ ಕೇಂದ್ರದಿಂದ ಒಂದು ಮಿಲಿಮೀಟರಿನ ಐದನೇ ಒಂದು ಭಾಗ ಸರಿದಿದ್ದರೂ ಸಾಕು, ಮುಳ್ಳು ಕೇಂದ್ರದಿಂದ ಹತ್ತು ಸೆಂಟಿಮೀಟರ್ ದೂರದಲ್ಲಿರುವಾಗ ಶ್ರುತಿ ಎರಡೂ ಕಡೆಗೆ ಶೇಕಡಾ 0.2ರಷ್ಟು ತೂಗಾಡುತ್ತದೆ. ಒಳ್ಳೆಯ ಟರ್ನ್‌ಟೇಬಲ್ಲಿನ ಸ್ವಂತ ದೋಷ ಇದಕ್ಕಿಂತ ಎಷ್ಟೋ ಪಾಲು ಕಡಿಮೆ. ಪಿಯಾನೊದ ದೀರ್ಘ ಸ್ವರದಲ್ಲಿ ಅಥವಾ ತಂಬೂರಿಯ ಷಡ್ಜದಲ್ಲಿ ಸುಮಾರು ಎರಡು ಸೆಕೆಂಡಿಗೊಮ್ಮೆ, ಅಂದರೆ ತಟ್ಟೆಯ ಒಂದು ಸುತ್ತಿಗೊಮ್ಮೆ ಬರುವ ನಿಧಾನದ ತೂಗಾಟ ರೆಕಾರ್ಡಿನದು. ಅದಕ್ಕಿಂತ ವೇಗವಾಗಿ ಬರುವ ನಡುಕವಿದ್ದರೆ ಆಗ ಬೆಲ್ಟು, ಬೇರಿಂಗು, ಸ್ಪ್ರಿಂಗುಗಳ ಕಡೆ ಬೆರಳು ತೋರಿಸಬಹುದು.

ನೆಲದ ವಿಷಯವೂ ಹೀಗೆಯೇ. ಹೆಜ್ಜೆ ಇಟ್ಟರೆ ಸಾಕು ಮುಳ್ಳು ಹಾರುತ್ತದೆ ಎಂಬ ದೂರು ಬ್ರಿಟನ್ನಿನ ಒಡೆಯರಿಂದ ಬಂದಷ್ಟು ಬೇರೆಲ್ಲಿಂದಲೂ ಬಂದಿರಲಾರದು, ಏಕೆಂದರೆ ಅಲ್ಲಿನ ಹಳೆಯ ಮನೆಗಳ ನೆಲ ಮರದ ತೊಲೆಗಳ ಮೇಲಿನ ಹಲಗೆ. ನಡಿಗೆಯ ಹೆಜ್ಜೆ ಸೆಕೆಂಡಿಗೆ ಸುಮಾರು ಎರಡು, ಅದರ ಇಮ್ಮಡಿ ನಾಲ್ಕು, ಸ್ಪ್ರಿಂಗು ಕುಣಿಯಲು ಕಾದಿರುವುದೂ ಅಲ್ಲಿಯೇ. ಆದ್ದರಿಂದ ಅವರು ಗೋಡೆಗೆ ಬಡಿದ ಹಗುರ ಶೆಲ್ಫಿನ ಮೇಲೆ ಯಂತ್ರವನ್ನಿಟ್ಟು ಪಾರಾಗುತ್ತಾರೆ. ಕಾಂಕ್ರೀಟ್ ಚಪ್ಪಡಿಯ ಮೇಲೆ ಗ್ರಾನೈಟ್ ಹಾಸಿದ ನಮ್ಮ ಮನೆಗಳಲ್ಲಿ ಈ ದೂರಿಗೆ ಆಸ್ಪದ ಕಡಿಮೆ, ಹಳೆಯ ಮಲೆನಾಡ ಮನೆಯ ಅಟ್ಟದಲ್ಲಿ ಇಟ್ಟುಕೊಂಡರೆ ಮಾತು ಬೇರೆ.

ಇತರ ತೂಗು ಯಂತ್ರಗಳ ಒಡೆಯರ ಮಾತನ್ನು ಪಕ್ಕಕ್ಕಿಟ್ಟು ನೋಡಿದರೆ ನನ್ನ ವಾದಕ್ಕೆ ಇನ್ನಷ್ಟು ಬಲ ಬರುತ್ತದೆ. ಇಂಗ್ಲೆಂಡಿನ ಸ್ಟೆನಿಂಗ್ ಊರಿನ ಎಸ್‌ಎಂಇ ಕಂಪನಿ ತನ್ನ ಮಾಡೆಲ್ 20 ಮತ್ತು 30ರಲ್ಲಿ ಲೋಹದ ಸ್ಪ್ರಿಂಗ್ ಬಿಟ್ಟು ಹತ್ತಾರು ರಬ್ಬರ್ ಬಳೆಗಳಿಂದ ಭಾರಿ ಚೌಕಟ್ಟನ್ನು ತೂಗಿಸಿ, ಅದರ ಆಟವನ್ನು ಬೇಗ ತಣಿಸುವ ಏರ್ಪಾಡನ್ನೂ ಮಾಡಿತು. ಅದರ ಒಡೆಯರು ಹೊಗಳುವುದು ನಿಶ್ಶಬ್ದವನ್ನು, ಸ್ಥಿರತೆಯನ್ನು, ಒಮ್ಮೆ ಹೊಂದಿಸಿದರೆ ವರ್ಷಗಟ್ಟಲೆ ಕೈಹಾಕಬೇಕಿಲ್ಲದ ನೆಮ್ಮದಿಯನ್ನು. ಅದನ್ನು ಒಪ್ಪದವರು ಹೇಳುವುದು ಅದು ಅತಿ ಸಭ್ಯವಾಗಿದೆ, ಉತ್ಸಾಹ ಸಾಲದು ಎಂದು. ಮಿಚೆಲ್ ಕಂಪನಿಯ ಜೈರೊಡೆಕ್ಕಿನಲ್ಲಿ ಸ್ಪ್ರಿಂಗುಗಳನ್ನು ಮೇಲಿನಿಂದಲೇ ತಿರುಗಿಸಿ ಹೊಂದಿಸಬಹುದಾದ್ದರಿಂದ ಅದರ ಒಡೆಯರು ತಾವೇ ಹೊಂದಿಸಿಕೊಳ್ಳುತ್ತಾರೆ, ‘ಜೀವ ಹೋಯಿತು’ ಎಂಬ ದೂರು ಅವರಲ್ಲಿ ನನಗೆ ಹೆಚ್ಚು ಕಂಡಿಲ್ಲ. ಸ್ಪ್ರಿಂಗಿನ ಗೊಡವೆಯೇ ಇಲ್ಲದ, ಮೋಟಾರಿನ ಅಕ್ಷದ ಮೇಲೆಯೇ ತಟ್ಟೆ ಕೂರುವ ಟೆಕ್ನಿಕ್ಸ್ ಯಂತ್ರಗಳ ಒಡೆಯರಂತೂ ಶ್ರುತಿಯ ನಿಶ್ಚಲತೆಯನ್ನೇ ಮೊದಲು ಹೇಳುತ್ತಾರೆ. ಅವರಿಗೆ ಎಲ್‌ಪಿ12 ಮಧುರ, ಆದರೆ ಸಡಿಲ. ಪ್ರತಿ ಪಂಗಡದ ಹೊಗಳಿಕೆಯೂ ದೂರೂ ಆಯಾ ಯಂತ್ರದ ರಚನೆಗೆ ಹೊಂದಿಕೊಂಡೇ ಇದೆ. ಎಲ್ಲವೂ ಬರೀ ಭ್ರಮೆಯಾಗಿದ್ದರೆ ಈ ಹೊಂದಿಕೆ ಬರುತ್ತಿರಲಿಲ್ಲ.

ಭ್ರಮೆ ಇಲ್ಲವೆಂದು ಇದರ ಅರ್ಥವಲ್ಲ. ಎಲ್‌ಪಿ12ರ ಸುಧಾರಣೆಗಳ ಏಣಿ ಬಹಳ ಉದ್ದ: ಒಂದೇ ಅಲ್ಯೂಮಿನಿಯಂ ಗಟ್ಟಿಯಿಂದ ಕೊರೆದು ತೆಗೆದ ಕೀಲ್ ಎಂಬ ಚೌಕಟ್ಟು, 2009ರಲ್ಲಿ ಬಂದ ರಾಡಿಕಲ್ ಎಂಬ ಡಿಸಿ ಮೋಟಾರು, 2020ರ ಕರೋಸೆಲ್ ಬೇರಿಂಗು. ಪ್ರತಿ ಮೆಟ್ಟಿಲಿನ ಬಗ್ಗೆಯೂ ‘ಇಷ್ಟು ದೊಡ್ಡ ವ್ಯತ್ಯಾಸ ಹಿಂದೆಂದೂ ಆಗಿರಲಿಲ್ಲ’ ಎಂದು ಒಡೆಯರು ಹೇಳಿದ್ದಾರೆ. ಆ ಎಲ್ಲ ಮಾತುಗಳನ್ನೂ ಅಕ್ಷರಶಃ ನಂಬಿದರೆ 1975ರ ಎಲ್‌ಪಿ12 ಕೇಳಲು ಯೋಗ್ಯವೇ ಆಗಿರಕೂಡದಿತ್ತು. ಇನ್ನೊಂದನ್ನೂ ಮರೆಯಬಾರದು, ಹೊಸ ಭಾಗ ಕೂರಿಸುವಾಗ ಯಂತ್ರವನ್ನು ಪೂರ್ತಿ ಬಿಚ್ಚಿ ಮತ್ತೆ ಹೊಂದಿಸಲೇಬೇಕು. ಕೇಳಿದ ವ್ಯತ್ಯಾಸದಲ್ಲಿ ಹೊಸ ಭಾಗದ್ದೆಷ್ಟು, ಹೊಸ ಹೊಂದಾಣಿಕೆಯದ್ದೆಷ್ಟು ಎಂದು ಯಾವ ಒಡೆಯನೂ ಬಿಡಿಸಿ ಹೇಳಲಾರ.

ಕಿವಿಯ ಮಿತಿಯ ಬಗ್ಗೆ ಎರಡು ಘಟನೆಗಳನ್ನು ಹೇಳಬೇಕು. ಡಿಜಿಟಲ್ ಧ್ವನಿಯನ್ನು ಕಟುವಾಗಿ ಟೀಕಿಸುತ್ತಿದ್ದ ಟೀಫೆನ್‌ಬ್ರನ್ ಅವರನ್ನೇ ಕೂರಿಸಿ, ಟರ್ನ್‌ಟೇಬಲ್ಲಿನ ಧ್ವನಿಯ ದಾರಿಯಲ್ಲಿ ಡಿಜಿಟಲ್ ಯಂತ್ರವೊಂದನ್ನು ಗುಟ್ಟಾಗಿ ಸೇರಿಸುತ್ತ ತೆಗೆಯುತ್ತ ನಡೆಸಿದ ಪರೀಕ್ಷೆಯ ವರದಿ 1984ರಲ್ಲಿ ಬಾಸ್ಟನ್ ಆಡಿಯೊ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಅದು ಯಾವಾಗ ಸೇರಿತ್ತು, ಯಾವಾಗ ಇರಲಿಲ್ಲ ಎಂದು ಅವರಿಗೆ ಖಚಿತವಾಗಿ ಹೇಳಲಾಗಲಿಲ್ಲ. ಮತ್ತೊಂದು ತೀರ ಇತ್ತೀಚಿನದು. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ಎಲ್‌ಪಿಗಳು ಶುದ್ಧ ಅನಲಾಗ್ ಎಂದು ನಂಬಿ ಅತ್ಯುತ್ತಮ ಟರ್ನ್‌ಟೇಬಲ್ಲುಗಳ ಒಡೆಯರು ವರ್ಷಗಟ್ಟಲೆ ಮೆಚ್ಚಿ ಕೇಳಿದ್ದರು. ಅವುಗಳಲ್ಲಿ ಹಲವು ತಯಾರಿಕೆಯ ನಡುವೆ ಡಿಜಿಟಲ್ ಹಂತವೊಂದನ್ನು ದಾಟಿ ಬಂದಿವೆಯೆಂದು 2022ರಲ್ಲಿ ಹೊರಬಿತ್ತು. ಈ ಎರಡರಿಂದ ಒಡೆಯರ ಕಿವಿ ಸುಳ್ಳೆಂದು ತೀರ್ಮಾನಿಸುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಒಳ್ಳೆಯ ಡಿಜಿಟಲ್ ಹಂತ ಧ್ವನಿಗೆ ಮಾಡುವ ಹಾನಿ ಅತ್ಯಲ್ಪ, ಪಕ್ಕಕ್ಕೆ ಓಲಾಡುವ ಚೌಕಟ್ಟು ಮಾಡುವ ಹಾನಿ ಅದಕ್ಕಿಂತ ಬಹಳ ದೊಡ್ಡದು. ಕಿವಿಗೆ ದೊಡ್ಡದು ಕೇಳುತ್ತದೆ, ಅಲ್ಪವಾದದ್ದು ಕೇಳುವುದಿಲ್ಲ. ಕೇಳಿದ್ದನ್ನು ವಿವರಿಸಲು ಆರಿಸಿಕೊಂಡ ಕಾರಣ ಮಾತ್ರ ಹಲವು ಬಾರಿ ತಪ್ಪಾಗಿರುತ್ತದೆ.

ಹೀಗಾಗಿ ನಾನು ಹೆಚ್ಚು ತೂಕ ಕೊಡುವುದು ತನ್ನ ಲಾಭಕ್ಕೆ ವಿರುದ್ಧವಾಗಿ ನುಡಿಯುವ ಒಡೆಯನ ಮಾತಿಗೆ: ದುಬಾರಿ ಭಾಗವನ್ನು ಹಾಕಿಸಿ, ಕೇಳಿ, ಹಳೆಯದಕ್ಕೆ ಮರಳಿದವನು, ಅಥವಾ ಯಂತ್ರವನ್ನು ಮಾರಿದ ಎಷ್ಟೋ ವರ್ಷಗಳ ಮೇಲೂ ಅದರ ಒಂದು ಗುಣವನ್ನು ನೆನೆಯುವವನು. ಇಂಥ ರೆಕಾರ್ಡಿನ ಇಂಥ ಭಾಗದಲ್ಲಿ ಇಂಥದ್ದು ಬೇರೆಯಾಗಿ ಕೇಳಿತು ಎಂದು ಹೇಳುವವನ ಮಾತನ್ನು ಇನ್ನೊಬ್ಬರು ಪರೀಕ್ಷಿಸಿ ನೋಡಬಹುದು. ‘ಪರದೆ ಸರಿದಂತಾಯಿತು’ ಎಂದವನ ಮಾತನ್ನು ಯಾರೂ ಪರೀಕ್ಷಿಸಲಾರರು.

ಉಪನ್ಯಾಸದ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಅಮೆರಿಕದಲ್ಲಿರುವ ಮಗಳು ಅಲ್ಲಿಂದ ಹಳೆಯ ಎಲ್‌ಪಿ12 ಒಂದನ್ನು ಕಳಿಸಿಕೊಡುತ್ತೇನೆ ಎಂದಿದ್ದಾಳೆ, ತರಿಸಿಕೊಳ್ಳಬಹುದೇ ಎಂದು ಹಿರಿಯರೊಬ್ಬರು ಕೇಳಿದರು. ಮೊದಲು ತಿಳಿಯಬೇಕಾದದ್ದು ಅದರಲ್ಲಿ ವಲ್ಹಲ್ಲಾ ಅಥವಾ ಲಿಂಗೋ ಇದೆಯೇ ಎಂಬುದು. ಇದ್ದರೆ ಮೋಟಾರಿಗೆ ಬೇಕಾದ ಆವೃತ್ತಿಯನ್ನು ಅದೇ ತಯಾರಿಸಿಕೊಳ್ಳುತ್ತದೆ, 230 ವೋಲ್ಟಿಗೆ ಹೊಂದಿಸುವ ಕೆಲಸವಷ್ಟೇ ಉಳಿಯುತ್ತದೆ. ಇಲ್ಲದಿದ್ದರೆ ಅದರ ಪುಲ್ಲಿ ಅಮೆರಿಕದ 60 ಹರ್ಟ್ಝ್‌ಗೆ ತಕ್ಕ ಚಿಕ್ಕ ಪುಲ್ಲಿ, ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರಿನಿಂದ ಇಳಿಸಿದರೂ ನಮ್ಮ 50 ಹರ್ಟ್ಝ್‌ನಲ್ಲಿ ತಟ್ಟೆ ನಿಮಿಷಕ್ಕೆ ಇಪ್ಪತ್ತೆಂಟು ಸುತ್ತನ್ನೂ ಮುಟ್ಟುವುದಿಲ್ಲ, ಪುಲ್ಲಿಯನ್ನು ಬದಲಿಸಲೇಬೇಕು. ಕಳಿಸುವಾಗ ಒಳಗಿನದು ಹೊರಗಿನದು ಎಂಬ ಎರಡೂ ತಿರುಗು ತಟ್ಟೆಗಳನ್ನು ತೆಗೆದು ಬೇರೆ ಕಟ್ಟಬೇಕು, ಬೇರಿಂಗಿನ ಎಣ್ಣೆಯನ್ನು ಬಸಿದುಬಿಡಬೇಕು, ಟೋನ್‌ಆರ್ಮನ್ನು ಕಟ್ಟಿಹಾಕಬೇಕು. ಇಷ್ಟಾಗಿಯೂ ಸ್ಪ್ರಿಂಗುಗಳು ದಾರಿಯಲ್ಲಿ ಜಾಗ ತಪ್ಪಿಯೇ ತಪ್ಪುತ್ತವೆ. ಇಲ್ಲಿಗೆ ಬಂದ ಮೇಲೆ ಅದನ್ನು ಬಿಚ್ಚಿ ಹೊಂದಿಸಲು ಬಲ್ಲವರು ನಿಮ್ಮ ಊರಿನಲ್ಲಿ ಇದ್ದಾರೆಯೇ, ಅಥವಾ ನೀವೇ ಕಲಿಯುವ ಉತ್ಸಾಹ ಇದೆಯೇ ಎಂದು ಅವರನ್ನು ಕೇಳಿದೆ. ಎರಡೂ ಇಲ್ಲವೆಂದರು. ಹಾಗಿದ್ದರೆ ಸ್ಪ್ರಿಂಗಿಲ್ಲದ ಒಂದು ಗಟ್ಟಿಮುಟ್ಟಾದ ಟರ್ನ್‌ಟೇಬಲ್ ಕೊಂಡು, ಉಳಿದ ಹಣದಲ್ಲಿ ಒಳ್ಳೆಯ ಕಾರ್ಟ್ರಿಜ್ ಹಾಕಿಸಿಕೊಳ್ಳಿ ಎಂದು ಹೇಳಿದೆ.